ಬಿಸಿಲುಕಾಲದಲ್ಲಿ ಮೈನಿಂಗ್ ಕಾರ್ಡ್ ತಂಪಾಗಿಡುವುದು ಹೇಗೆ? ವಿಜಯಪುರ, ಬಾಗಲಕೋಟೆ, ಬೆಳಗಾವಿಯವರಿಗೆ

ಮಾರ್ಚ್ ಮುಗಿಯುತ್ತಿದ್ದ ಹಾಗೆ ಮನೆಯಲ್ಲಿ ಮೈನಿಂಗ್ ಮಾಡುವವರಿಂದ ಇದೇ ಪ್ರಶ್ನೆ ಶುರುವಾಗುತ್ತದೆ. (ಮೈನಿಂಗ್ ಅಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಿಂದ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಕ್ರಿಪ್ಟೋ ಕಾಯಿನ್, ಅಂದರೆ ಡಿಜಿಟಲ್ ಹಣ, ಗಳಿಸುವುದು.) "ಅಣ್ಣಾ, ಕಾರ್ಡ್ 85 ಡಿಗ್ರಿ ದಾಟಾಕತ್ತೈತಿ, ಎಸಿ ಹಾಕಸ್ಲೇನು?" "ಸರ್, ಕೂಲರ್ ಇಟ್ರ ನಡೀತೈತೇನ್ರಿ?" ಜಮಖಂಡಿಯವರು ಕೇಳುತ್ತಾರೆ, ಇಂಡಿಯವರು ಕೇಳುತ್ತಾರೆ, ಗೋಕಾಕದವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳಿದರೆ ಯಾರಿಗೂ ಪೂರ್ತಿ ಸಿಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ದಯವಿಟ್ಟು ಎಸಿ, ಕೂಲರ್ ಅಂತ ಅಂಗಡಿಗೆ ಓಡಬೇಡಿ. ಮೊದಲು ಕಾರ್ಡ್ ತಿನ್ನುವ ಕರೆಂಟ್ ಇಳಿಸಿ. ಆಮೇಲೆ ಕೋಣೆಯ ಬಿಸಿಗಾಳಿ ಹೊರಗೆ ಹೋಗುವ ದಾರಿ ಮಾಡಿ. ಈ ಎರಡೂ ಆದ ಮೇಲೂ ಕಾರ್ಡ್ ಬಿಸಿ ಇದ್ದರೆ ಮಾತ್ರ ಉಳಿದದ್ದು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಇಲ್ಲಿ ಹೇಳುವುದೆಲ್ಲ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್ ಬಗ್ಗೆ. ಬಿಟ್‌ಕಾಯಿನ್‌ಗೆ ಬೇರೆಯೇ ಯಂತ್ರ ಬೇಕು, ಅದನ್ನು ಆಸಿಕ್ ಅನ್ನುತ್ತಾರೆ. ಇಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಈಗ ಕಾರ್ಡ್ ಇಟ್ಟುಕೊಂಡವರು ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್ ಥರದ ಬೇರೆ ಕ್ರಿಪ್ಟೋ ಕಾಯಿನ್‌ಗಳ ಮೇಲೆ ಓಡಿಸುತ್ತಾರೆ. ಲಾಭ ಮೊದಲಿನಷ್ಟಿಲ್ಲ. ಹಾಗಾಗಿ ಒಂದು ಕಾರ್ಡ್ ಸುಟ್ಟರೂ ಆ ವರ್ಷದ ದುಡಿಮೆ ಹೋದ ಹಾಗೇ.

ಮೊದಲು ತಿಳಿದಿರಬೇಕಾದ ಒಂದು ಲೆಕ್ಕ

ಕಾರ್ಡ್ ಎಷ್ಟು ವ್ಯಾಟ್ ತಿನ್ನುತ್ತದೋ ಅಷ್ಟೂ ಬಿಸಿಯಾಗಿ ಕೋಣೆಗೆ ಬರುತ್ತದೆ. ಸ್ವಲ್ಪವೂ ಬೇರೆ ಕಡೆ ಹೋಗುವುದಿಲ್ಲ. ಆರು ಕಾರ್ಡಿನ ರಿಗ್ 1000 ವ್ಯಾಟ್ ತಿಂದರೆ, ಮೇ ತಿಂಗಳಲ್ಲಿ ಕೋಣೆಯಲ್ಲಿ 1000 ವ್ಯಾಟಿನ ರೂಮ್ ಹೀಟರ್ ಹಗಲೂ ರಾತ್ರಿ ಹಚ್ಚಿಟ್ಟ ಲೆಕ್ಕ. (ರಿಗ್ ಅಂದರೆ ಒಂದೇ ಫ್ರೇಮಿಗೆ ಹಲವು ಕಾರ್ಡ್ ಕೂರಿಸಿದ ಯಂತ್ರ.)

ಎರಡನೆಯದು ಇನ್ನೂ ಮುಖ್ಯ. ಫ್ಯಾನ್ ವೇಗ ಮತ್ತು ವ್ಯಾಟ್ ಬದಲಾಗದಿದ್ದರೆ, ಕಾರ್ಡಿನ ಬಿಸಿಗೂ ಕೋಣೆಯ ಬಿಸಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜನವರಿಯಲ್ಲಿ ಕೋಣೆ 28 ಡಿಗ್ರಿ, ಕಾರ್ಡಿನ ಮೆಮೊರಿ 86 ಡಿಗ್ರಿ ಇತ್ತು ಅಂತಿಟ್ಟುಕೊಳ್ಳಿ. ಅಂತರ 58. ಏಪ್ರಿಲ್ ಕೊನೆಗೆ ವಿಜಯಪುರದಲ್ಲಿ ಹೊರಗೇ 41 ಆಗುತ್ತದೆ, ರಿಗ್ ಇರುವ ಕೋಣೆ 45ಕ್ಕೆ ಹೋಗುತ್ತದೆ. 45ಕ್ಕೆ 58 ಕೂಡಿಸಿ. 103. ನಿಮ್ಮ ಕಾರ್ಡ್ ಹಾಳಾಗಿಲ್ಲ, ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಒಣಗಿಲ್ಲ, ಕೋಣೆ ಕಾದಿದೆ ಅಷ್ಟೇ. ಇದನ್ನು ತಿಳಿಯದೆ ಎಷ್ಟೋ ಜನ ಚೆನ್ನಾಗಿರುವ ಕಾರ್ಡನ್ನು ಬಿಚ್ಚಿ ಕೆಡಿಸಿಕೊಳ್ಳುತ್ತಾರೆ.

ಏನೇನು ಬೇಕು

ಕೋಣೆಯ ಬಿಸಿ ಮತ್ತು ತೇವ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಒಂದು. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದು. ಎಕ್ಸಾಸ್ಟ್ ಫ್ಯಾನ್, ಮೆತ್ತನೆಯ ಬ್ರಷ್, ಗಾಳಿ ಊದುವ ಬ್ಲೋವರ್. ಇಷ್ಟು ಸಾಕು. ಥರ್ಮಲ್ ಪೇಸ್ಟ್, ಪ್ಯಾಡ್ ಈಗಲೇ ತರಬೇಡಿ.

1. ಸರಿಯಾದ ಬಿಸಿಯನ್ನು ನೋಡಿ

ಹೆಚ್ಚಿನವರು ಒಂದೇ ಅಂಕಿ ನೋಡುತ್ತಾರೆ, ಅದು ಕೋರ್ ಟೆಂಪರೇಚರ್. (ಕೋರ್ ಅಂದರೆ ಕಾರ್ಡಿನ ಮುಖ್ಯ ಚಿಪ್ಪು.) ಅದು 60 ಇದ್ದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಆದರೆ ಮೈನಿಂಗ್‌ನಲ್ಲಿ ಮೊದಲು ಕಾಯುವುದು ಮೆಮೊರಿ. ಇಥೀರಿಯಂ ಕ್ಲಾಸಿಕ್ ಥರದ ಕಾಯಿನ್‌ಗೆ ಮೆಮೊರಿಯೇ ದುಡಿಯುತ್ತದೆ, ಕೋರ್‌ಗೆ ಅಷ್ಟು ಕೆಲಸ ಇರುವುದಿಲ್ಲ.

ಎನ್ವಿಡಿಯಾದ 3070 ಟಿಐ, 3080, 3090 ಕಾರ್ಡುಗಳಲ್ಲಿ ಜಿಡಿಡಿಆರ್6ಎಕ್ಸ್ ಅನ್ನುವ ಮೆಮೊರಿ ಇದೆ. ಇದು ಜಾಸ್ತಿ ಕಾಯುತ್ತದೆ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಅನ್ನುವ ಪ್ರೋಗ್ರಾಮ್ ಹಾಕಿಕೊಂಡರೆ 'ಮೆಮೊರಿ ಜಂಕ್ಷನ್' ಅಂತ ಒಂದು ಅಂಕಿ ಕಾಣುತ್ತದೆ. ಮೆಮೊರಿ ಚಿಪ್ಪಿನ ಒಳಗಿನ ಬಿಸಿ ಅದು. 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. 110ರವರೆಗೆ ನಡೆಯುತ್ತದೆ ಅಂತ ತಿಂಗಳುಗಟ್ಟಲೆ 106ರಲ್ಲಿ ಓಡಿಸಬೇಡಿ. ಬೇಸಿಗೆಯಲ್ಲೂ 95ರ ಒಳಗೆ ಇರಲಿ. 90ರ ಒಳಗಿದ್ದರೆ ಇನ್ನೂ ಒಳ್ಳೆಯದು. 3090 ಇದ್ದವರು ಇನ್ನೊಂದು ವಿಷಯ ಗಮನಿಸಿ. ಅದರ ಅರ್ಧ ಮೆಮೊರಿ ಚಿಪ್ಪುಗಳು ಕಾರ್ಡಿನ ಬೆನ್ನಿನ ಕಡೆ ಇವೆ, ಅಲ್ಲಿ ಫ್ಯಾನ್ ಇಲ್ಲ. ಬೆನ್ನಿಗೆ ಬೇರೆ ಗಾಳಿ ಬೇಕೇ ಬೇಕು.

3060 ಟಿಐ, 3070 ಥರದ ಸಾಮಾನ್ಯ ಜಿಡಿಡಿಆರ್6 ಇರುವ ಎನ್ವಿಡಿಯಾ ಕಾರ್ಡುಗಳಲ್ಲಿ ಮೆಮೊರಿಯ ಅಂಕಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಲಿ ಕೋರ್ ಅನ್ನು 60-65ರ ಒಳಗೆ ಇಟ್ಟುಕೊಳ್ಳಿ. ಎಎಂಡಿಯ ಹೊಸ ಕಾರ್ಡುಗಳಲ್ಲಿ ಮೆಮೊರಿ ಬಿಸಿ ನೇರವಾಗಿ ಕಾಣುತ್ತದೆ.

ಎರಡು ಮೂರು ದಿನ ಮಧ್ಯಾಹ್ನ ಮೂರಕ್ಕೆ ಮತ್ತು ಬೆಳಗಿನ ಆರಕ್ಕೆ ಕೋಣೆ, ಕೋರ್, ಮೆಮೊರಿ, ಈ ಮೂರನ್ನೂ ಬರೆದಿಡಿ. ಮುಂದೆ ಏನೇ ಬದಲಾವಣೆ ಮಾಡಿದರೂ ಅದು ಕೆಲಸ ಮಾಡಿತೋ ಇಲ್ಲವೋ ಅನ್ನುವುದು ಕಾರ್ಡಿನ ಬಿಸಿಯಿಂದ ಗೊತ್ತಾಗುವುದಿಲ್ಲ, ಕೋಣೆಯ ಬಿಸಿ ಕಳೆದು ನೋಡಿದರೆ ಗೊತ್ತಾಗುತ್ತದೆ.

2. ವ್ಯಾಟ್ ಇಳಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಖರ್ಚು ಸೊನ್ನೆ, ಬಿಲ್ಲೂ ಇಳಿಯುತ್ತದೆ.

3060 ಟಿಐ ಕಂಪನಿಯಿಂದ ಬರುವಾಗ 200 ವ್ಯಾಟಿನ ಕಾರ್ಡ್. ಅದೇ ಕಾರ್ಡ್ ಇಥೀರಿಯಂ ಕ್ಲಾಸಿಕ್ ಮೇಲೆ ಸುಮಾರು 120-130 ವ್ಯಾಟಿನಲ್ಲಿ ಹತ್ತಿರಹತ್ತಿರ ಅಷ್ಟೇ ಹ್ಯಾಶ್‌ರೇಟ್ ಕೊಡುತ್ತದೆ. (ಹ್ಯಾಶ್‌ರೇಟ್ ಅಂದರೆ ಸೆಕೆಂಡಿಗೆ ಕಾರ್ಡ್ ಎಷ್ಟು ಲೆಕ್ಕ ಮಾಡುತ್ತದೆ ಅನ್ನುವ ಅಳತೆ.) ಆರು ಕಾರ್ಡಿಗೆ ಕೂಡಿಸಿ ನೋಡಿ. ಮದರ್‌ಬೋರ್ಡ್, ಪವರ್ ಸಪ್ಲೈ ನಷ್ಟ ಎಲ್ಲ ಸೇರಿ ಸುಮಾರು 1350 ವ್ಯಾಟ್ ತಿನ್ನುತ್ತಿದ್ದ ರಿಗ್ 850ಕ್ಕೆ ಇಳಿಯುತ್ತದೆ. ಕೋಣೆಯಿಂದ 500 ವ್ಯಾಟಿನ ಹೀಟರ್ ಎತ್ತಿ ಹೊರಗಿಟ್ಟ ಹಾಗಾಯಿತು. ದಿನಕ್ಕೆ 12 ಯೂನಿಟ್ ಉಳಿಯಿತು.

ಮಾಡುವುದು ಹೀಗೆ. ವಿಂಡೋಸ್ ಇದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್, ಹೈವ್ ಓಎಸ್ (ಮೈನಿಂಗ್‌ಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಮ್) ಇದ್ದರೆ ಅದರ ಓವರ್‌ಕ್ಲಾಕ್ ಪುಟ ತೆರೆಯಿರಿ. ಮೊದಲು ಪವರ್ ಲಿಮಿಟ್ (ಕಾರ್ಡ್ ಹೆಚ್ಚೆಂದರೆ ಎಷ್ಟು ವ್ಯಾಟ್ ತಿನ್ನಬಹುದು ಅನ್ನುವ ಮಿತಿ) ಅನ್ನು ಐದೈದು ಶೇಕಡ ಇಳಿಸುತ್ತಾ ಹೋಗಿ. ಪ್ರತಿ ಸಲ ಹತ್ತು ನಿಮಿಷ ಕಾದು ಹ್ಯಾಶ್‌ರೇಟ್ ನೋಡಿ. ಹ್ಯಾಶ್‌ರೇಟ್ ಎದ್ದು ಕಾಣುವಷ್ಟು ಬಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಆಮೇಲೆ ಕೋರ್ ಕ್ಲಾಕ್ (ಕೋರ್ ಓಡುವ ವೇಗ) ಅನ್ನು ಒಂದೇ ಕಡಿಮೆ ಅಂಕಿಗೆ ಲಾಕ್ ಮಾಡಿ. ಹಾಗೆ ಮಾಡಿದರೆ ಕಾರ್ಡ್ ಕಡಿಮೆ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಇದೇ ಅಂಡರ್‌ವೋಲ್ಟ್.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಚಳಿಗಾಲದಲ್ಲಿ ಏರಿಸಿಟ್ಟ ಮೆಮೊರಿ ಕ್ಲಾಕ್ ಅನ್ನು ಬೇಸಿಗೆಯಲ್ಲೂ ಹಾಗೇ ಬಿಡುವುದು. ಅದು ಬಿಸಿಗೆ ತಡೆಯುವುದಿಲ್ಲ. ತಪ್ಪು ಶೇರ್, ಅಂದರೆ ತಪ್ಪು ಲೆಕ್ಕ, ಬರುತ್ತದೆ, ರಿಗ್ ಹ್ಯಾಂಗ್ ಆಗುತ್ತದೆ. ಬಿಸಿಲು ಏರುತ್ತಿದ್ದ ಹಾಗೆ ಮೆಮೊರಿ ಕ್ಲಾಕ್ ಸ್ವಲ್ಪ ಇಳಿಸಿ. ಎರಡು, ರೇವನ್‌ಕಾಯಿನ್‌ಗೂ ಇದೇ ಲೆಕ್ಕ ಹಾಕುವುದು. ಅದರ ಕಾವ್‌ಪಾವ್ ಪದ್ಧತಿಗೆ ಕೋರ್ ಜೋರಾಗಿ ದುಡಿಯಬೇಕು, ವ್ಯಾಟ್ ಇಳಿಸಿದರೆ ಹ್ಯಾಶ್‌ರೇಟೂ ಇಳಿಯುತ್ತದೆ. ನನ್ನನ್ನು ಕೇಳಿದರೆ, ನಮ್ಮ ಕಡೆ ಏಪ್ರಿಲ್, ಮೇ ಎರಡು ತಿಂಗಳು ಅಂಥ ಬಿಸಿ ಕಾಯಿನ್ ಬಿಟ್ಟೇಬಿಡುವುದು ಒಳ್ಳೆಯದು.

3. ಕೋಣೆ ಆರಿಸಿ

ಮಹಡಿ ಮೇಲಿನ ಖಾಲಿ ಕೋಣೆ, ತಗಡಿನ ಶೆಡ್ಡು. ಎಲ್ಲರೂ ರಿಗ್ ಇಡುವುದು ಇಲ್ಲೇ, ಯಾಕಂದರೆ ಸದ್ದು ಕೇಳಿಸುವುದಿಲ್ಲ. ಆದರೆ ಮನೆಯಲ್ಲಿ ಅತಿ ಹೆಚ್ಚು ಕಾಯುವ ಜಾಗವೂ ಇದೇ. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕಾದು, ರಾತ್ರಿ ಹತ್ತರವರೆಗೂ ಬಿಸಿ ಒಳಗೆ ಬಿಡುತ್ತಿರುತ್ತದೆ.

ನೆಲಮಹಡಿಯಲ್ಲಿ, ಉತ್ತರ ದಿಕ್ಕಿಗೆ ಕಿಟಕಿ ಇರುವ ಕೋಣೆ ಸಿಕ್ಕರೆ ಬಿಡಬೇಡಿ. ಬಾಗಲಕೋಟೆ, ಬಾದಾಮಿ ಕಡೆ ಹಳೆಯ ಕಲ್ಲುಗೋಡೆಯ ಮಾಳಿಗೆ ಮನೆಗಳಿವೆ ಅಲ್ವಾ, ಅವು ಹಗಲಲ್ಲಿ ನಿಜವಾಗಿ ತಂಪು. ಮೇಲೆ ಬೆಳಕಿಂಡಿ ಇದ್ದರಂತೂ ಬಿಸಿಗಾಳಿ ಹೋಗಲು ದಾರಿ ಆಗಲೇ ಇದೆ. ಆದರೆ ಮಳೆಗಾಲದಲ್ಲಿ ಅದರ ಕೆಳಗೆ ನೇರವಾಗಿ ರಿಗ್ ಇರಬಾರದು. ಮಹಡಿ ಬಿಟ್ಟು ಬೇರೆ ಜಾಗವೇ ಇಲ್ಲ ಅಂದರೆ ಮಾರ್ಚ್‌ನಲ್ಲೇ ಛಾವಣಿಗೆ ದಪ್ಪಗೆ ಬಿಳಿ ಸುಣ್ಣ ಹೊಡೆಸಿ. ಬಿಸಿಲು ವಾಪಸ್ ಹೋಗುತ್ತದೆ, ಸ್ಲ್ಯಾಬು ಕಾಯುವುದು ಎಷ್ಟೋ ಕಡಿಮೆಯಾಗುತ್ತದೆ.

ಮಲಗುವ ಕೋಣೆಯಲ್ಲಿ ರಿಗ್ ಇಡಲೇಬೇಡಿ. ಜೋಳದ ಚೀಲ, ಹತ್ತಿ, ಹಳೇ ಪೇಪರ್, ಗ್ಯಾಸ್ ಸಿಲಿಂಡರ್ ಇರುವ ಕೋಣೆಯಲ್ಲೂ ಬೇಡ.

4. ಗಾಳಿಗೆ ಒಂದು ಬರುವ ದಾರಿ, ಒಂದು ಹೋಗುವ ದಾರಿ

ಸೀಲಿಂಗ್ ಫ್ಯಾನ್ ಹಾಕಿ ಕೋಣೆ ತಂಪಾಯಿತು ಅಂದುಕೊಳ್ಳುವವರು ಬಹಳ. ಅದು ಮೇಲೆ ಸೇರಿದ ಬಿಸಿಗಾಳಿಯನ್ನೇ ತಿರುಗಿ ಕೆಳಗೆ ತಳ್ಳುತ್ತದೆ. ನಮ್ಮ ಮೈಗೆ ಬೆವರು ಇದೆ, ಗಾಳಿ ಬಿದ್ದರೆ ತಂಪು ಅನಿಸುತ್ತದೆ. ಕಾರ್ಡಿಗೆ ಬೆವರಿಲ್ಲ. ಅದಕ್ಕೆ ಬೇಕಾದದ್ದು ಹೊರಗಿನ ಹೊಸ ಗಾಳಿ.

ಗಾಳಿ ಎಷ್ಟು ಬೇಕು ಅನ್ನುವುದಕ್ಕೆ ಸುಲಭ ಸೂತ್ರ ಇದೆ. ರಿಗ್ಗಿನ ವ್ಯಾಟ್ ಅನ್ನು 3ರಿಂದ ಗುಣಿಸಿ. ಹೊರಗಿಗಿಂತ ಕೋಣೆ ಎಷ್ಟು ಡಿಗ್ರಿ ಜಾಸ್ತಿ ಇದ್ದರೆ ನಡೆಯುತ್ತದೋ ಆ ಸಂಖ್ಯೆಯಿಂದ ಭಾಗಿಸಿ. ಬರುವುದು ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಅಂತ. 850 ವ್ಯಾಟ್, 5 ಡಿಗ್ರಿ ಅಂದರೆ 510. ಬರೀ 3 ಡಿಗ್ರಿ ಜಾಸ್ತಿ ಸಾಕು ಅಂದರೆ 850. ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಇದೇ ಅಳತೆ ಬರೆದಿರುತ್ತದೆ. ಜಾಳಿಗೆ, ಶಟರ್, ಧೂಳು ಎಲ್ಲ ಸೇರಿ ಡಬ್ಬದ ಮೇಲಿನಷ್ಟು ಗಾಳಿ ಯಾವತ್ತೂ ಸಿಗುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಬಂದದ್ದರ ಒಂದೂವರೆಯಿಂದ ಎರಡರಷ್ಟಿರುವ ಫ್ಯಾನ್ ತನ್ನಿ. ಆರು ಕಾರ್ಡಿನ ರಿಗ್ಗಿಗೆ ಸಾಮಾನ್ಯವಾಗಿ 12 ಇಂಚಿನದು ಬೇಕಾಗುತ್ತದೆ.

ಫ್ಯಾನ್ ಗೋಡೆಯ ಮೇಲ್ಭಾಗದಲ್ಲಿ, ಒಳಗೆ ಬರುವ ಕಿಂಡಿ ಎದುರಿನ ಅಥವಾ ಪಕ್ಕದ ಗೋಡೆಯ ಕೆಳಭಾಗದಲ್ಲಿ. ನಡುವೆ ರಿಗ್. ಒಳಬರುವ ಕಿಂಡಿ ಫ್ಯಾನಿಗಿಂತ ದೊಡ್ಡದಿರಬೇಕು. ಎಷ್ಟೋ ಮನೆಯಲ್ಲಿ ಒಳ್ಳೆಯ ಎಕ್ಸಾಸ್ಟ್ ಇರುತ್ತದೆ, ಕಿಟಕಿ ಎಲ್ಲ ಮುಚ್ಚಿರುತ್ತದೆ. ಗಾಳಿ ಬರದೇ ಇದ್ದರೆ ಹೋಗುವುದಾದರೂ ಎಲ್ಲಿಂದ? ಬಾಗಿಲ ಸಂದಿಗೆ ಅಗರಬತ್ತಿ ಹಿಡಿದು ನೋಡಿ. ಹೊಗೆಯನ್ನು ಜೋರಾಗಿ ಒಳಗೆ ಎಳೆದರೆ ಕೋಣೆ ಗಾಳಿಗಾಗಿ ಒದ್ದಾಡುತ್ತಿದೆ, ಕಿಂಡಿ ದೊಡ್ಡದು ಮಾಡಿ.

ಕಿಂಡಿ ಉತ್ತರಕ್ಕೋ ನೆರಳಿನ ಕಡೆಗೋ ಇರಲಿ. ಎಕ್ಸಾಸ್ಟ್ ಪೂರ್ವದ ಗೋಡೆಗೆ ಹಾಕಿದರೆ ಅನುಕೂಲ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಅದಕ್ಕೆ ಎದುರಾಗಿ ಫ್ಯಾನ್ ತಳ್ಳುತ್ತಾ ಕೂರಬಾರದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೇಸಿಗೆ ಮಧ್ಯಾಹ್ನ ಹಳ್ಳಿಗಳಲ್ಲಿ ವೋಲ್ಟೇಜ್ ಬೀಳುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಕಡಿಮೆ ವೋಲ್ಟೇಜಿಗೆ ಜಾಸ್ತಿ ಆಂಪಿಯರ್ ಎಳೆದುಕೊಂಡು ಅಷ್ಟೇ ವ್ಯಾಟ್ ಕೊಡುತ್ತದೆ, ಅಂದರೆ ರಿಗ್ ಅಷ್ಟೇ ಬಿಸಿ ಬಿಡುತ್ತದೆ. ಆದರೆ ಸಾದಾ ಎಕ್ಸಾಸ್ಟ್ ಫ್ಯಾನ್ ನಿಧಾನವಾಗುತ್ತದೆ. ಬಿಸಿ ಅತಿ ಜಾಸ್ತಿ ಇರುವ ಹೊತ್ತಿಗೇ ಗಾಳಿ ಅತಿ ಕಡಿಮೆ! ನಿಮ್ಮ ಊರಲ್ಲಿ ಹೀಗಿದ್ದರೆ ಬಿಎಲ್‌ಡಿಸಿ ಮೋಟಾರಿನ ಎಕ್ಸಾಸ್ಟ್ ತೆಗೆದುಕೊಳ್ಳಿ. ವೋಲ್ಟೇಜ್ ಬಿದ್ದರೂ ಅದರ ವೇಗ ಅಷ್ಟು ಬೀಳುವುದಿಲ್ಲ.

5. ಕಾರ್ಡುಗಳ ನಡುವೆ ಜಾಗ ಬಿಡಿ

ಮುಚ್ಚಿದ ಕ್ಯಾಬಿನೆಟ್ ಬೇಡ, ತೆರೆದ ಫ್ರೇಮ್ ಇರಲಿ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ನಾಲ್ಕು ಬೆರಳಿನಷ್ಟು, ಅಂದರೆ ಎಂಟು-ಹತ್ತು ಸೆಂಟಿಮೀಟರ್ ಅಂತರ. ಗೋಡೆಯಿಂದ ಒಂದೂವರೆ ಅಡಿ ದೂರ. ತಂಪು ಕಿಂಡಿಯ ಕಡೆಯಿಂದ ಒಂದು ಪೆಡೆಸ್ಟಲ್ ಫ್ಯಾನ್ ಇಟ್ಟು, ಎಕ್ಸಾಸ್ಟ್ ದಿಕ್ಕಿಗೇ ಗಾಳಿ ಹೋಗುವ ಹಾಗೆ ತಿರುಗಿಸಿ. ಎರಡು ರಿಗ್ ಇದ್ದರೆ ಒಂದರ ಬಿಸಿಗಾಳಿ ಇನ್ನೊಂದರ ಮುಖಕ್ಕೆ ಹೊಡೆಯದಿರಲಿ.

ಕಾರ್ಡಿನ ಫ್ಯಾನ್‌ಗಳನ್ನು ಆಟೋಫ್ಯಾನ್‌ಗೆ (ಬಿಸಿ ನೋಡಿ ಫ್ಯಾನ್ ವೇಗ ತಾನೇ ಹೊಂದಿಸುವ ಸೆಟ್ಟಿಂಗ್) ಹಾಕಿ, ಗುರಿ ಬಿಸಿ ಕೊಡಿ. ಯಾವಾಗಲೂ 100 ಶೇಕಡದಲ್ಲಿ ಓಡಿಸಿದರೆ ಬೇರಿಂಗ್ ಬೇಗ ಹೋಗುತ್ತದೆ. ಹೆಚ್ಚಿನ ಹೊತ್ತು 70-75ರ ಆಸುಪಾಸಿನಲ್ಲಿ ಓಡುವ ಹಾಗಿದ್ದರೆ ಚೆನ್ನ. ಫ್ಯಾನ್ ಸದಾ 90ರ ಮೇಲೆ ಇದೆ ಅಂದರೆ ಮತ್ತೆ ಎರಡನೇ, ನಾಲ್ಕನೇ ಹಂತಕ್ಕೆ ಹೋಗಿ.

6. ತಾನೇ ನಿಲ್ಲುವ ವ್ಯವಸ್ಥೆ

ಎಕ್ಸಾಸ್ಟ್ ಮೋಟಾರ್ ಯಾವತ್ತಾದರೂ ಸುಡುತ್ತದೆ, ಆಗ ನೀವು ಮನೆಯಲ್ಲಿ ಇರುವುದಿಲ್ಲ. ಅದಕ್ಕೇ ಮೈನಿಂಗ್ ಪ್ರೋಗ್ರಾಮಿನಲ್ಲಿ ಬಿಸಿಯ ಮಿತಿ ಹಾಕಿ, ಅದು ದಾಟಿದರೆ ಕಾರ್ಡ್ ಕೆಲಸ ನಿಲ್ಲಿಸಬೇಕು. ಹೈವ್ ಓಎಸ್‌ನ ಆಟೋಫ್ಯಾನ್‌ನಲ್ಲೂ 'ಕ್ರಿಟಿಕಲ್' ಬಿಸಿ ಅಂತ ಒಂದು ಜಾಗ ಇದೆ, ಖಾಲಿ ಬಿಡಬೇಡಿ. ಎಕ್ಸಾಸ್ಟ್ ಮತ್ತು ರಿಗ್ ಎರಡನ್ನೂ ಒಂದೇ ಎಂಸಿಬಿಗೆ ಕೊಡಿಸಿ. ಫ್ಯಾನಿನ ಲೈನ್ ಟ್ರಿಪ್ ಆದರೆ ರಿಗ್ಗೂ ನಿಲ್ಲಬೇಕು.

7. ವೈರು ಮತ್ತು ಕನೆಕ್ಟರ್

ಬೆಂಕಿ ಹತ್ತುವುದು ಕಾರ್ಡಿನಿಂದ ಅಪರೂಪ. ಹೆಚ್ಚಾಗಿ ವೈರಿನಿಂದ. ರೈಸರ್‌ಗೆ ಸಾಟಾ ಕನೆಕ್ಟರಿನಿಂದ, ಅಂದರೆ ಹಾರ್ಡ್ ಡಿಸ್ಕಿಗೆ ಹಾಕುವ ಪ್ಲಗ್ಗಿನಿಂದ, ಕರೆಂಟ್ ಕೊಡಬೇಡಿ. (ಕಾರ್ಡನ್ನು ಮದರ್‌ಬೋರ್ಡಿಗೆ ದೂರದಿಂದ ಜೋಡಿಸುವ ಚಿಕ್ಕ ಬೋರ್ಡೇ ರೈಸರ್.) ಸಾಟಾ ತಡೆಯುವುದು 12 ವೋಲ್ಟಿನಲ್ಲಿ 54 ವ್ಯಾಟ್. ರೈಸರ್ ಮೂಲಕ ಕಾರ್ಡ್ 75 ವ್ಯಾಟಿನವರೆಗೂ ಎಳೆಯಬಹುದು. ಪ್ಲಾಸ್ಟಿಕ್ ಕರಗುವುದು ಅಲ್ಲೇ. ಆರು ಪಿನ್ನಿನ ಕೇಬಲ್ ನೇರವಾಗಿ ಪವರ್ ಸಪ್ಲೈಯಿಂದ ಕೊಡಿ.

ಗೋಡೆಯಲ್ಲಿ 16 ಆಂಪಿಯರಿನ ಸಾಕೆಟ್, ಅದಕ್ಕೆ ಮನೆಯ ಉಳಿದದ್ದರಿಂದ ಬೇರೆ ಲೈನ್ (ಎಕ್ಸಾಸ್ಟ್ ಇದೇ ಲೈನಿನ ಮೇಲಿರಲಿ), ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪವರ್ ಸಪ್ಲೈಯನ್ನು ಅದರ ಶಕ್ತಿಯ 80 ಶೇಕಡಕ್ಕಿಂತ ಹೆಚ್ಚು ದುಡಿಸಬೇಡಿ, 45 ಡಿಗ್ರಿ ಕೋಣೆಯಲ್ಲಿ ಇನ್ನೂ ಕಡಿಮೆ. ಹತ್ತಿರ ಒಂದು ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಉರಿಯುವ ರಿಗ್ಗಿಗೆ ನೀರು ಎರಚಬಾರದು, ಇದನ್ನು ಮನೆಯವರಿಗೆಲ್ಲ ಹೇಳಿಡಿ.

ಪಂಪ್‌ಸೆಟ್ಟಿನ ಉಚಿತ ಕರೆಂಟಿನಲ್ಲಿ ರಿಗ್ ಓಡಿಸುವ ಯೋಚನೆ ಬೇಡ. ಅದು ಕಾನೂನಿಗೆ ವಿರುದ್ಧ. ಮನೆ ಮೀಟರಿನಲ್ಲಿ ಓಡಿಸಿದರೆ 850 ವ್ಯಾಟಿನ ರಿಗ್ ತಿಂಗಳಿಗೆ 600 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿ ಮೀರುತ್ತದೆ, ಪೂರ್ತಿ ಬಿಲ್ ಬರುತ್ತದೆ. ಮಂಜೂರಾದ ಲೋಡ್ ಎಷ್ಟು, ಯಾವ ದರ ಅಂತ ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ.

8. ಧೂಳು

ನಮ್ಮ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಹಿಟ್ಟಿನ ಹಾಗೆ ಹಾರುತ್ತದೆ. ರಬಕವಿ-ಬನಹಟ್ಟಿ, ಇಳಕಲ್ಲಿನಲ್ಲಿ ಮಗ್ಗದ ಹತ್ತಿರ ಇರುವವರಿಗೆ ನೂಲಿನ ಎಳೆ ಇನ್ನೂ ದೊಡ್ಡ ತೊಂದರೆ. ಅದು ಹೀಟ್‌ಸಿಂಕಿನ (ಚಿಪ್ಪಿನ ಬಿಸಿ ಎಳೆದು ಗಾಳಿಗೆ ಬಿಡುವ ಲೋಹದ ಭಾಗ) ರೆಕ್ಕೆಗಳ ಮೇಲೆ ಜಮಖಾನೆ ಹಾಸಿದ ಹಾಗೆ ಕೂರುತ್ತದೆ. ಸಕ್ಕರೆ ಕಾರ್ಖಾನೆ ಹತ್ತಿರ ಇದ್ದರೆ ಬೂದಿ.

ಒಳಬರುವ ಕಿಂಡಿಗೆ ಸೊಳ್ಳೆ ಪರದೆಯ ಜಾಳಿಗೆ ಹಾಕಿ, ವಾರಕ್ಕೊಮ್ಮೆ ತೊಳೆಯಿರಿ. ದಪ್ಪ ಬಟ್ಟೆ ಕಟ್ಟಿದರೆ ಧೂಳಿನ ಜೊತೆ ಗಾಳಿಯೂ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ರಿಗ್ ಆಫ್ ಮಾಡಿ, ಪ್ಲಗ್ ತೆಗೆದು, ಬ್ರಷ್ ಮತ್ತು ಬ್ಲೋವರಿನಿಂದ ಧೂಳು ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರಿನ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ.

9. ಕೂಲರ್ ಇಡಬಹುದಾ?

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ಗಾಳಿ ಒಣಗಿರುತ್ತದೆ, ನೀರಿನ ಕೂಲರ್ ನಿಜವಾಗಿ ಕೆಲಸ ಮಾಡುತ್ತದೆ. ಹೊರಗೆ 41 ಇದ್ದಾಗ ಕೂಲರಿನಿಂದ ಬರುವ ಗಾಳಿ ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಯಬಹುದು. ಆದರೆ ಷರತ್ತುಗಳಿವೆ. ಕೂಲರ್ ಕಿಟಕಿಯ ಹೊರಗೆ ಇರಬೇಕು, ಎಕ್ಸಾಸ್ಟ್ ಓಡುತ್ತಲೇ ಇರಬೇಕು. ಮುಚ್ಚಿದ ಕೋಣೆಯೊಳಗೆ ಕೂಲರ್ ಇಟ್ಟರೆ ಅರ್ಧ ಗಂಟೆಯಲ್ಲಿ ಕೋಣೆ ತೇವವಾಗುತ್ತದೆ, ತಂಪೂ ಹೋಗುತ್ತದೆ. ರಿಗ್ಗಿನಿಂದ ಆರೇಳು ಅಡಿ ದೂರ ಇರಲಿ, ಒಂದು ಹನಿಯೂ ಹಾರಿ ಬರಬಾರದು. ನಮ್ಮ ಬೋರಿನ ನೀರಿನಲ್ಲಿ ಉಪ್ಪು ಜಾಸ್ತಿ, ಹನಿ ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಅದು ಬೋರ್ಡಿನ ಮೇಲೆ ಕೂತರೆ ತೇವ ಹಿಡಿದು ತಾಮ್ರವನ್ನು ತಿನ್ನುತ್ತದೆ. ಮೀಟರಿನಲ್ಲಿ ತೇವ 60 ಶೇಕಡ ದಾಟಿದರೆ ಕೂಲರಿನ ಪಂಪ್ ನಿಲ್ಲಿಸಿ, ಬರೀ ಫ್ಯಾನ್ ಬಿಡಿ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವವರಿಗೂ ಇದೇ ಮಾತು.

ಎಸಿ ವಿಷಯ ಸಣ್ಣದು. ಒಂದು ಟನ್ನಿನ ಎಸಿ ಸುಮಾರು 3500 ವ್ಯಾಟ್ ಬಿಸಿ ತೆಗೆಯುತ್ತದೆ, ಅದಕ್ಕೆ ಸಾವಿರದಷ್ಟು ವ್ಯಾಟ್ ತಾನೇ ತಿನ್ನುತ್ತದೆ. ಹೊರಗೆ 42 ಇದ್ದಾಗ ಇನ್ನೂ ಜಾಸ್ತಿ. ಇವತ್ತಿನ ದುಡಿಮೆಗೆ ಅದು ಗಿಟ್ಟುವುದಿಲ್ಲ.

10. ಮಧ್ಯಾಹ್ನ ನಿಲ್ಲಿಸುವುದು

ಇಷ್ಟೆಲ್ಲ ಮಾಡಿಯೂ ಮಧ್ಯಾಹ್ನ ಮೆಮೊರಿ 95 ದಾಟುತ್ತಿದ್ದರೆ 12ರಿಂದ 5ರವರೆಗೆ ನಿಲ್ಲಿಸಿ. ಪೂರ್ತಿ ನಿಲ್ಲಿಸಲು ಮನಸ್ಸಿಲ್ಲದಿದ್ದರೆ ಆ ಹೊತ್ತಿಗೆ ಪವರ್ ಲಿಮಿಟ್ ಇನ್ನಷ್ಟು ಇಳಿಸಿ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಸಲ ಹೊಂದಿಸಿದರೆ ತಾನೇ ಆಗುತ್ತದೆ. ಬಿಸಿ-ತಂಪು ಆಗುವುದರಿಂದ ಕಾರ್ಡ್ ಕೆಡುತ್ತದೆ ಅಂತ ಹೆದರುವವರಿದ್ದಾರೆ. ದಿನಕ್ಕೆ ಒಂದು ಸಲ ನಿಂತು ಶುರುವಾದರೆ ಏನೂ ಆಗುವುದಿಲ್ಲ, ದಿನಾ ಐದು ತಾಸು 105ರಲ್ಲಿ ಬೇಯುವುದು ಅದಕ್ಕಿಂತ ಎಷ್ಟೋ ಕೆಟ್ಟದ್ದು.

ಹಣದ ಲೆಕ್ಕವನ್ನೂ ಮಾಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30 ಶೇಕಡ ತೆರಿಗೆ ಇದೆ, ಮೇಲೆ ಸೆಸ್. ಮೈನಿಂಗ್ ಯಂತ್ರಕ್ಕೆ ಮಾಡಿದ ಖರ್ಚನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಮಧ್ಯಾಹ್ನದ ಐದು ತಾಸಿನ ಕಾಯಿನ್‌ಗೆ ಕರೆಂಟ್, ತೆರಿಗೆ ಎರಡನ್ನೂ ಕಳೆದು ನೋಡಿ. ಬಹಳ ಸಲ ಕೈಗೆ ಬರುವುದು ಏನೂ ಇರುವುದಿಲ್ಲ.

11. ಪೇಸ್ಟ್, ಪ್ಯಾಡ್ ಕೊನೆಗೆ

ಕೋಣೆಯ ಬಿಸಿ ಕಳೆದು ನೋಡಿದಾಗಲೂ ಒಂದೇ ಕಾರ್ಡ್ ಉಳಿದವಕ್ಕಿಂತ ಹತ್ತು-ಹದಿನೈದು ಡಿಗ್ರಿ ಜಾಸ್ತಿ ಇದೆಯಾ? ಆಗ ಮಾತ್ರ ಬಿಚ್ಚಿ. ವಾರಂಟಿ ಇದ್ದರೆ ಮೊದಲು ಅದರ ನಿಯಮ ಓದಿ. ಥರ್ಮಲ್ ಪ್ಯಾಡ್ ಅಂದರೆ ಮೆಮೊರಿ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಇರುವ ಮೆತ್ತನೆಯ ಪಟ್ಟಿ. ಅದರ ದಪ್ಪ ಕಾರ್ಡಿನಿಂದ ಕಾರ್ಡಿಗೆ ಬೇರೆ, ಒಂದೇ ಕಾರ್ಡಿನಲ್ಲೂ ಜಾಗದಿಂದ ಜಾಗಕ್ಕೆ ಬೇರೆ ಇರಬಹುದು. ಅರ್ಧ ಮಿಲಿಮೀಟರ್ ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಮೇಲೆದ್ದು ಕೋರ್‌ಗೆ ತಾಗುವುದೇ ಇಲ್ಲ. ಮೆಮೊರಿ ತಂಪಾಗಿ ಕೋರ್ 90ಕ್ಕೆ ಹೋಯಿತು ಅಂದರೆ ಕಾರಣ ಇದೇ. ನಿಮ್ಮ ಕಾರ್ಡಿನ ಮಾದರಿಗೆ ಬೇಕಾದ ದಪ್ಪ ಖಚಿತ ಮಾಡಿಕೊಂಡೇ ತನ್ನಿ.

ಬೆಳಗಾವಿ, ಖಾನಾಪುರದವರಿಗೆ ಒಂದು ಬೇರೆ ಮಾತು. ನಿಮ್ಮಲ್ಲಿ ಬೇಸಿಗೆ ಅಷ್ಟು ಕ್ರೂರ ಅಲ್ಲ, ಒಂದರಿಂದ ಆರನೇ ಹಂತದವರೆಗೆ ಮಾಡಿದರೆ ಸಾಮಾನ್ಯವಾಗಿ ಸಾಕು. ಕೂಲರ್ ಅಂತೂ ಬೇಡ. ನಿಮಗೆ ತೊಂದರೆ ಜೂನ್ ನಂತರ, ತೇವದಿಂದ. ಓಡುತ್ತಿರುವ ರಿಗ್ ಬಿಸಿಯಾಗಿರುವುದರಿಂದ ಒಣಗಿರುತ್ತದೆ, ನಿಂತ ರಿಗ್ ತೇವ ಹೀರುತ್ತದೆ. ಹಾಗಾಗಿ ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿ ಇಡುವುದಾದರೆ ಧೂಳು ಪೂರ್ತಿ ತೆಗೆದು, ಕಾರ್ಡುಗಳನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಿರುವ ಡಬ್ಬದಲ್ಲಿಡಿ. ಪಶ್ಚಿಮದ ಗೋಡೆಯಲ್ಲಿ ಕಿಂಡಿ ಇದ್ದರೆ ಮೇ ಕೊನೆಯ ವಾರದೊಳಗೆ ಅದರ ಮೇಲೆ ಒಂದು ತಗಡಿನ ಚಜ್ಜಾ ಕೂರಿಸಿ.